ಯಾವ ವಿಎಂ ಯಾವ ಹೋಸ್ಟ್ ಮೇಲೆ?

ಬೆಳೆ ವಿಮೆಯ ಕೊನೆಯ ದಿನ ಹತ್ತಿರ ಬಂದಾಗ ಗರಗ ಹೋಬಳಿಯ ರೈತರಿಗೆ ಉತಾರ (ಪಹಣಿ) ಬೇಕು. 2001ರ ಹೊತ್ತಿಗೆ ಭೂದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಬಂದಾಗ ಅದಕ್ಕಾಗಿ ಧಾರವಾಡದ ತಾಲ್ಲೂಕು ಕಚೇರಿಗೇ ಹೋಗಬೇಕಿತ್ತು. ಶುಲ್ಕ 15 ರೂಪಾಯಿ. ದಾಖಲೆ ಇರುತ್ತಿದ್ದುದು ಅಲ್ಲಿನ ಸರ್ವರಿನಲ್ಲೇ. ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲೂ ಹೀಗೇ ಬೇರೆ ಬೇರೆ ವ್ಯವಸ್ಥೆ. ಒಂದು ತಾಲ್ಲೂಕಿನ ಸರ್ವರ್ ಏದುಸಿರು ಬಿಡುತ್ತಿದ್ದರೆ ಇನ್ನೊಂದರದ್ದು ಸುಮ್ಮನೆ ಕೂತಿರುತ್ತಿತ್ತು. ಆಮೇಲೆ ದಾಖಲೆಗಳು ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಹತ್ತಾರು ಸೇವೆಗಳು ಒಂದೇ ಕಡೆ ಸೇರಿದ ಮೇಲೆ ಯಾವ ವರ್ಚುವಲ್ ಮಷಿನ್ (ವಿಎಂ) ಯಾವ ಯಂತ್ರದ, ಅಂದರೆ ಹೋಸ್ಟ್‌ನ, ಮೇಲೆ ಕೂರಬೇಕು ಎಂಬ ಲೆಕ್ಕ ಶುರುವಾಗುತ್ತದೆ. ನನಗೆ ಬಹಳ ಇಷ್ಟವಾದ ಲೆಕ್ಕ ಇದು.

ಗರಗದವರಿಗೆ ಇದರ ಅರ್ಧ ಭಾಗ ಖಾದಿಯಿಂದಲೇ ಗೊತ್ತು. ರಾಷ್ಟ್ರಧ್ವಜದ ಬಟ್ಟೆ ನೇಯ್ದ ಊರಿದು. ಧ್ವಜದ ಅಳತೆಗಳು ಒಂಬತ್ತು, 6300×4200 ಮಿ.ಮೀ.ನಿಂದ 150×100ರವರೆಗೆ. ಬಟ್ಟೆ ಹಾಳಾಗಬಾರದೆಂದರೆ ದೊಡ್ಡದನ್ನು ಮೊದಲು ಕತ್ತರಿಸಿ, ಉಳಿದದ್ದರಲ್ಲಿ ಸಣ್ಣದನ್ನು ಹೊಂದಿಸಬೇಕು. ವಿಎಂಗಳಿಗೂ ಗಣಿತಜ್ಞರು ಹೇಳುವುದು ಇದನ್ನೇ: ದೊಡ್ಡದನ್ನು ಮೊದಲು ಕೂರಿಸಿ. ಎಷ್ಟೇ ಕೆಟ್ಟರೂ ಬೇಕಾದ ಹೋಸ್ಟ್‌ಗಳು ಅತ್ಯುತ್ತಮ ಜೋಡಣೆಗಿಂತ ಸುಮಾರು ಶೇ 22ರಷ್ಟು ಮಾತ್ರ ಹೆಚ್ಚಾದಾವು. ಆದರೆ ಕತ್ತರಿಸಿದ ಬಟ್ಟೆ ಬೆಳೆಯುವುದಿಲ್ಲ. ವಿಎಂನ ಹಸಿವು ಗಂಟೆಗೊಮ್ಮೆ ಬದಲಾಗುತ್ತದೆ.

ಆದ್ದರಿಂದಲೇ ಕೂತದ್ದನ್ನು ಎಬ್ಬಿಸದೆ ಬೇರೆಡೆಗೆ ಒಯ್ಯುವ ಲೈವ್ ಮೈಗ್ರೇಷನ್ ಎಂದರೆ ನನಗೆ ಇಂದಿಗೂ ಬೆರಗು. ವಿಎಂ ಓಡುತ್ತಿರುವಾಗಲೇ ಅದರ ಮೆಮೊರಿಯ ಪುಟಗಳನ್ನು ನಕಲು ಮಾಡುತ್ತಾರೆ. ಅಷ್ಟರಲ್ಲಿ ಬದಲಾದ ಪುಟಗಳನ್ನು ಮತ್ತೆ ನಕಲು ಮಾಡುತ್ತಾರೆ. ಉಳಿದದ್ದು ತೀರ ಸ್ವಲ್ಪ ಎಂದಾದಾಗ ಕ್ಷಣಮಾತ್ರ ನಿಲ್ಲಿಸಿ ಆಚೆ ಹೋಸ್ಟ್‌ನಲ್ಲಿ ಎಬ್ಬಿಸುತ್ತಾರೆ. 2005ರಲ್ಲಿ ವಿಎಂಗಳನ್ನು ಓಡಿಸುವ ಝೆನ್ ತಂತ್ರಾಂಶದ ಕೇಂಬ್ರಿಜ್ ತಂಡ ಜನ ಆಡುತ್ತಿದ್ದ ಕ್ವೇಕ್ ಆಟದ ಸರ್ವರನ್ನೇ ಹೀಗೆ ಸಾಗಿಸಿತು. ಅದು ನಿಂತದ್ದು 60 ಮಿಲಿಸೆಕೆಂಡ್.

ಯಾವುದನ್ನು ಸಾಗಿಸಬೇಕು ಎಂದು ನೋಡುವಾಗ, ಹೋಸ್ಟ್‌ನ ಸಿಪಿಯು ಬಳಕೆ ಶೇ 60 ಎಂದು ತೋರಿಸಿದರೆ ನಂಬಿ ಕೂರಬೇಡಿ. ನಾನು ಮೊದಲು ನೋಡುವುದು ‘ಸಿಪಿಯು ರೆಡಿ’ಯನ್ನು, ಅಂದರೆ ಕೆಲಸಕ್ಕೆ ಸಿದ್ಧವಿದ್ದೂ ಕೋರ್ ಸಿಗದೆ ವಿಎಂ ಕಾದ ಹೊತ್ತನ್ನು. 20 ಸೆಕೆಂಡಿನಲ್ಲಿ ಒಂದು ಕೋರಿಗೆ 1000 ಮಿಲಿಸೆಕೆಂಡ್ ಕಾದರೆ ಅದು ಶೇ 5; ಅಲ್ಲಿಂದಾಚೆ ಬಳಕೆದಾರರಿಗೆ ತಡವರಿಕೆ ಗೊತ್ತಾಗತೊಡಗುತ್ತದೆ. ಅರ್ಜಿಯಲ್ಲಿ ಎಂಟು ಕೋರ್ ಕೇಳಿ ಎರಡನ್ನಷ್ಟೇ ಬಳಸುವ ವಿಎಂಗಳೇ ಇದಕ್ಕೆ ಬಹುಪಾಲು ಕಾರಣ. ಎಂಟನ್ನು ಎರಡಕ್ಕೆ ಇಳಿಸಿದರೆ ಆ ವಿಎಂ ಕೂಡ ಚುರುಕಾಗುತ್ತದೆ, ನೆರೆಯವೂ ಚುರುಕಾಗುತ್ತವೆ. ಇದನ್ನು ಅಧಿಕಾರಿಗಳಿಗೆ ಒಪ್ಪಿಸುವುದೇ ಕಷ್ಟದ ಕೆಲಸ, ಆದರೂ ಬಿಡಬಾರದು.

ಸಿಪಿಯುವನ್ನು ಹಂಚಿಕೊಳ್ಳಬಹುದು, ಮೆಮೊರಿಯಲ್ಲಿ ಸಾಲ ಬೇಡ. ಕ್ಲೌಡ್ ತಂತ್ರಾಂಶ ಓಪನ್‌ಸ್ಟ್ಯಾಕ್ ಬಹುಕಾಲ ಸಿಪಿಯುಗೆ 16 ಪಟ್ಟು, ಮೆಮೊರಿಗೆ 1.5 ಪಟ್ಟು ಹಂಚಿಕೆಯನ್ನು ಮೊದಲೇ ಇಟ್ಟುಕೊಟ್ಟಿತ್ತು. ಡೇಟಾಬೇಸ್ ಇರುವ ಕಡೆ ಎರಡನೆಯದನ್ನು ನಾನು ಒಂದಕ್ಕೇ ತರುತ್ತೇನೆ. ಎಂಟು ಹೋಸ್ಟ್‌ಗಳ ಕ್ಲಸ್ಟರಿನಲ್ಲಿ ಒಂದು ಬಿದ್ದರೂ ಉಳಿದ ಏಳು ಹೊರಬೇಕು. ಆದ್ದರಿಂದ ಶೇ 87.5ರ ಮೇಲೆ ತುಂಬುವಂತೆಯೇ ಇಲ್ಲ, ಶೇ 75ಕ್ಕೆ ನಿಲ್ಲಿಸುವುದು ಸರಿ. ಮುಖ್ಯ ಡೇಟಾಬೇಸ್ ಮತ್ತು ಅದರ ಜೋಡಿ ಒಂದೇ ಹೋಸ್ಟ್‌ನಲ್ಲಿರಬಾರದು, ಸಾಧ್ಯವಾದರೆ ಒಂದೇ ರ್‍ಯಾಕ್‌ನಲ್ಲೂ ಬೇಡ. ಇಂಥ ನಾಲ್ಕಾರು ನಿಯಮ ಸಾಕು. ಐವತ್ತು ಬರೆದರೆ ವಿಎಂಗಳನ್ನು ಕೂರಿಸುವ ಶೆಡ್ಯೂಲರ್‌ಗೆ ಹೊರಳಾಡಲೂ ಜಾಗವಿರುವುದಿಲ್ಲ.

ಇಷ್ಟೆಲ್ಲ ಸರಿಯಿದೆಯೇ ಎಂದು ತಿಳಿಯಲು ಕೆಲಸದ ದಿನವೇ ಒಂದು ಹೋಸ್ಟನ್ನು, ಅದರ ವಿಎಂಗಳೆಲ್ಲ ಬೇರೆಡೆಗೆ ಹೋಗುವಂತೆ, ಮೇಂಟೆನೆನ್ಸ್ ಮೋಡ್‌ಗೆ ಹಾಕಿ ನೋಡಿ. ಕದಲದೆ ಕೂತ ವಿಎಂಗಳು ತಾವೇ ಕಾರಣ ಹೇಳುತ್ತವೆ: ಒಂದರ ಡಿಸ್ಕ್ ಆ ಹೋಸ್ಟ್‌ನ ಒಳಗೇ ಇದೆ, ಇನ್ನೊಂದಕ್ಕೆ ಎಂದೋ ಹಾಕಿದ ಐಎಸ್ಒ ಡಿಸ್ಕ್ ಕಡತ ಇನ್ನೂ ಅಂಟಿಕೊಂಡಿದೆ, ಮತ್ತೊಂದನ್ನು ಯಾರೋ ಆ ಹೋಸ್ಟಿಗೇ ಕಟ್ಟಿಹಾಕಿ ಮರೆತಿದ್ದಾರೆ.