ಬಂಡೆ ಕೇಳುವ ಲೆನ್ಸ್, ಬೆಟ್ಟ ಕೇಳುವ ಚೀಲ

ಕ್ಯಾಮೆರಾ ಲೆನ್ಸ್‌ಗಳ ದೋಷಗಳೆಂದು ಹೆಸರಾದವುಗಳಲ್ಲಿ ಬಹುಪಾಲು, ಅವನ್ನು ಹೊರಗೆಳೆಯುವಂಥ ವಸ್ತು ಎದುರಾಗುವ ತನಕ ದೋಷಗಳಾಗಿ ಕಾಣುವುದೇ ಇಲ್ಲ. ಚೌಕಟ್ಟಿನ ಅಂಚಿನಲ್ಲಿ ನೇರ ಗೆರೆಯನ್ನು ತುಸು ಬಾಗಿಸುವ ಲೆನ್ಸ್ ಹಕ್ಕಿಯ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳದೆ ಪಾರಾಗುತ್ತದೆ. ಅದನ್ನೇ ಕಲ್ಲುಕಂಬಗಳ ಸಾಲಿನ ಮುಂದೆ ಹಿಡಿದಾಗ ಶಿಲ್ಪಿ ನೆಟ್ಟಗೆ ಕಡೆದದ್ದು ಡೊಂಕಾಗಿ ಬರುತ್ತದೆ. ಆದ್ದರಿಂದ ಲೆನ್ಸನ್ನು ಅದು ದುಡಿಯಬೇಕಾದ ಸ್ಥಳದ ಮೇಲಿಟ್ಟು ಅಳೆಯುವುದು, ಆ ಲೆನ್ಸನ್ನು ಹೊರುವ ಬೆನ್ನುಚೀಲವನ್ನೂ ಅದೇ ಅಳತೆಗೆ ಒಳಪಡಿಸುವುದು ರಸಜ್ಞನ ಮೊದಲ ಕೆಲಸವಾಗುತ್ತದೆ. ಈ ಅಭ್ಯಾಸಕ್ಕೆ ಮಹಾರಾಷ್ಟ್ರದ ನಾಸಿಕ್ ಮತ್ತು 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆಗಳಷ್ಟು ಒದಗುವ ನೆಲ ಅಪರೂಪ. ಬೆಳಕು ತುಂಬಿದ ಎಲ್ಲೋರದ ಅಂಗಳ, ಕತ್ತಲೆ ಕವಿದ ಅಜಂತೆಯ ವಿಹಾರ, ಹಕ್ಕಿಗಳಿಂದ ಗಿಜಿಗುಡುವ ನಾಂದೂರ್ ಮಧಮೇಶ್ವರದ ಹಿನ್ನೀರು, ಮಳೆಯಲ್ಲಿ ಜಾರುವ ಸಹ್ಯಾದ್ರಿಯ ಕೋಟೆಗಳು ಎಲ್ಲವೂ ಇಲ್ಲಿ ಒಂದೊಂದು ದಿನದ ಪ್ರಯಾಣದ ಅಂತರದಲ್ಲಿವೆ.

ಕಳೆದ ಕೆಲವು ವರ್ಷಗಳಲ್ಲಿ ಲೆನ್ಸ್‌ಗಳ ಸ್ವಭಾವ ಬದಲಾದದ್ದಕ್ಕೆ ಮೂಲ ಕಾರಣ ಕ್ಯಾಮೆರಾದೊಳಗಿನ ಕನ್ನಡಿ ಮಾಯವಾದದ್ದು. ಕನ್ನಡಿ ಇದ್ದ ಕಾಲದಲ್ಲಿ ಲೆನ್ಸ್ ಕೂರುವ ಲೋಹದ ಉಂಗುರಕ್ಕೂ ಬೆಳಕನ್ನು ಗ್ರಹಿಸುವ ಸಂವೇದಕಕ್ಕೂ ನಡುವಿನ ದೂರ ಕ್ಯಾನನ್ ಇಎಫ್ ವ್ಯವಸ್ಥೆಯಲ್ಲಿ 44 ಮಿ.ಮೀ., ನಿಕಾನ್ ಎಫ್ ವ್ಯವಸ್ಥೆಯಲ್ಲಿ 46.5 ಮಿ.ಮೀ. ಇತ್ತು, 2018ರಲ್ಲಿ ಬಂದ ಈ ಎರಡೂ ಸಂಸ್ಥೆಗಳ ಮಿರರ್‌ಲೆಸ್ ವ್ಯವಸ್ಥೆಗಳಲ್ಲಿ ಅದು ಕ್ರಮವಾಗಿ 20 ಮತ್ತು 16 ಮಿ.ಮೀ.ಗೆ ಇಳಿಯಿತು. ಹಿಂಬದಿಯ ಗಾಜು ಸಂವೇದಕದ ಹತ್ತಿರಕ್ಕೆ ಬಂದುದರಿಂದ ವಿನ್ಯಾಸಕಾರನಿಗೆ ಹೊಸ ಸ್ವಾತಂತ್ರ್ಯ ಸಿಕ್ಕಿತು. ಇದರ ಜೊತೆಗೆ, ಗಾಜಿನಿಂದಲೇ ತಿದ್ದಬೇಕಾಗಿದ್ದ ಕೆಲವು ವಕ್ರತೆಗಳನ್ನು ಕ್ಯಾಮೆರಾದ ತಂತ್ರಾಂಶಕ್ಕೆ ಬಿಟ್ಟುಕೊಡುವ ಪದ್ಧತಿಯೂ ಬಲವಾಯಿತು. 2008ರಲ್ಲಿ ಆರಂಭವಾದ ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯಲ್ಲಿ ಮೊದಲಿಂದಲೇ ಇದ್ದ ಈ ಪದ್ಧತಿ ಇಂದು ದೊಡ್ಡ ಸಂವೇದಕದ ಕ್ಯಾಮೆರಾಗಳಲ್ಲೂ ಮಾಮೂಲಾಗಿದೆ. ಉದಾಹರಣೆಗೆ ಕ್ಯಾನನ್‌ನ ಚಿಕ್ಕ, ಹಗುರ, ಅಗ್ಗದ ಆರ್‌ಎಫ್ 16 ಮಿ.ಮೀ. ಎಫ್ 2.8 ಲೆನ್ಸ್ ತಿದ್ದುಪಡಿ ಇಲ್ಲದೆ ನೋಡಿದರೆ ನೇರ ಗೆರೆಗಳನ್ನು ಪೀಪಾಯಿಯ ಪಕ್ಕೆಯಂತೆ ಹೊರಕ್ಕೆ ಉಬ್ಬಿಸುತ್ತದೆ, ಮೂಲೆಗಳನ್ನು ಕಪ್ಪಾಗಿಸುತ್ತದೆ. ತಂತ್ರಾಂಶ ಮೂಲೆಗಳನ್ನು ಹಿಗ್ಗಿಸಿ, ಬೆಳಗಿಸಿ, ಚಿತ್ರವನ್ನು ಸರಿಮಾಡಿ ಕೊಡುತ್ತದೆ.

ಈ ತಿದ್ದುಪಡಿಯನ್ನು ಮೋಸವೆಂದು ಹಳಿಯುವುದು ಎಷ್ಟು ತಪ್ಪೋ, ಅದಕ್ಕೆ ಬೆಲೆಯೇ ಇಲ್ಲವೆಂದು ನಂಬುವುದೂ ಅಷ್ಟೇ ತಪ್ಪು. ಹಿಗ್ಗಿಸಿದ ಮೂಲೆಯಲ್ಲಿ ಸೂಕ್ಷ್ಮ ವಿವರ ತೆಳುವಾಗುತ್ತದೆ, ಬೆಳಗಿಸಿದ ಮೂಲೆಯಲ್ಲಿ ನಾಯ್ಸ್ ಎಂಬ ಮರಳಿನಂಥ ಕಣಕಣ ಮೇಲೇಳುತ್ತದೆ. ಹಗಲು ಬೆಳಕಿನಲ್ಲಿ ಈ ನಷ್ಟ ಗೌಣವಾದರೆ ಗುಹೆಯ ಕತ್ತಲಲ್ಲಿ ಅದೇ ಮುಖ್ಯವಾಗುತ್ತದೆ, ಮತ್ತು ಎಲ್ಲೋರಕ್ಕೂ ಅಜಂತೆಗೂ ಒಂದೇ ಲೆನ್ಸ್ ಸಾಲದೆಂಬ ಮಾತಿನ ಆಧಾರ ಇಲ್ಲಿದೆ.

ಎಲ್ಲೋರದ 34 ಗುಹೆಗಳ ಪೈಕಿ 16ನೆಯದಾದ ಕೈಲಾಸ ದೇವಾಲಯ ಕನ್ನಡ ಓದುಗರಿಗೆ ಪರದೇಶದ ವಸ್ತುವಲ್ಲ. 8ನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದೆಂದು ಗುರುತಿಸಲಾಗುವ ಈ ಏಕಶಿಲಾ ರಚನೆಗೂ ಚಾಲುಕ್ಯ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯಕ್ಕೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಛಾಯಾಗ್ರಾಹಕನ ಮಟ್ಟಿಗೆ ಮಾತ್ರ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಪಟ್ಟದಕಲ್ಲಿನಲ್ಲಿ ಪ್ರಾಕಾರದ ಆಚೆಗೂ ಹಿಂದೆ ಸರಿದು ಶಿಖರವನ್ನು 50 ಮಿ.ಮೀ. ಲೆನ್ಸಿನಲ್ಲಿ ಹಿಡಿಯಲು ಬಯಲಿದೆ. ಎಲ್ಲೋರದಲ್ಲಿ ದೇವಾಲಯವನ್ನು ಬೆಟ್ಟದ ನೆತ್ತಿಯಿಂದ ಕೆಳಮುಖವಾಗಿ ಕಡೆದು ಬಿಡಿಸಿದ್ದರಿಂದ ಸುತ್ತ ನಿಂತಿರುವುದು ಬಂಡೆಯ ಗೋಡೆ. ಹಿಂದೆ ಸರಿಯಲು ಜಾಗವಿಲ್ಲದಲ್ಲಿ 16ರಿಂದ 24 ಮಿ.ಮೀ.ವರೆಗಿನ ವಿಶಾಲಕೋನದ ಲೆನ್ಸ್ ಅನಿವಾರ್ಯ. ಅಂಥ ಲೆನ್ಸಿನಲ್ಲೇ ವಕ್ರತೆ ಹೆಚ್ಚು. ಕೈಲಾಸದ ಅಂಗಳದಲ್ಲೋ ಧ್ವಜಸ್ತಂಭ, ಅಧಿಷ್ಠಾನದ ಪಟ್ಟಿಕೆ, ಕೈಸಾಲೆಯ ಕಂಬಗಳೆಲ್ಲ ನೇರ ಗೆರೆಗಳೇ.

ಇಲ್ಲಿ ಎರಡು ಬಗೆಯ ಡೊಂಕುಗಳನ್ನು ಬೇರೆಬೇರೆಯಾಗಿ ಕಾಣಬೇಕು. ಗೆರೆಯೇ ಬಿಲ್ಲಿನಂತೆ ಬಾಗಿದರೆ ಅದು ಲೆನ್ಸಿನ ವಕ್ರತೆಯಾಗಿದ್ದು, ತಂತ್ರಾಂಶ ಅದನ್ನು ತಿದ್ದಬಲ್ಲದು. ಗೆರೆಗಳು ನೇರವಾಗಿದ್ದೂ ಮೇಲೆ ಹೋಗುತ್ತ ಒಂದರ ಕಡೆಗೊಂದು ವಾಲಿದರೆ ತಪ್ಪು ಲೆನ್ಸಿನದಲ್ಲ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದರ ಫಲ ಅದು. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಕೆಳಗಿನ ನೆಲ ಹೆಚ್ಚು ಬಂದರೂ ಬರಲೆಂದು ಬಿಟ್ಟು, ಆಮೇಲೆ ಕತ್ತರಿಸಿಕೊಳ್ಳುವುದು ಅದಕ್ಕಿರುವ ಸರಳ ಉಪಾಯ. ದೇವಾಲಯ ಪಶ್ಚಿಮಾಭಿಮುಖವಾದ್ದರಿಂದ ಮಧ್ಯಾಹ್ನ ಕಳೆದ ಮೇಲೆ ಮುಂಭಾಗಕ್ಕೆ ಬೆಳಕು ಬೀಳುತ್ತದೆಂಬುದನ್ನೂ, ಮಂಗಳವಾರ ಎಲ್ಲೋರಕ್ಕೆ ಪ್ರವೇಶವಿಲ್ಲವೆಂಬುದನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು. ಕಲ್ಲಿನಲ್ಲೇ ಮರದ ತೊಲೆಗಳ ಭ್ರಮೆ ಹುಟ್ಟಿಸುವ ಹತ್ತನೆಯ ಗುಹೆಯ ಕಮಾನು ಛಾವಣಿ ಇನ್ನೊಂದು ಬಗೆಯ ಪರೀಕ್ಷೆಯನ್ನು ಒಡ್ಡುತ್ತದೆ. ಲೆನ್ಸಿನೊಳಗಿನ ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದರೂ ಸಾಲುಸಾಲಾದ ಪಕ್ಕೆಲುಬುಗಳು ಒಂದು ಬದಿಯಲ್ಲಿ ಚೂಪಾಗಿಯೂ ಮತ್ತೊಂದು ಬದಿಯಲ್ಲಿ ಮಸುಕಾಗಿಯೂ ಮೂಡುತ್ತವೆ. ಒಂದೇ ಮಾದರಿಯ ಎರಡು ಲೆನ್ಸ್‌ಗಳ ನಡುವೆ ಈ ಅಂತರ ಇರಬಲ್ಲದಾದ್ದರಿಂದ ಕೊಂಡ ವಾರದಲ್ಲೇ ಇಟ್ಟಿಗೆಯ ಗೋಡೆಯೆದುರು ನಾಲ್ಕೂ ಮೂಲೆಗಳನ್ನು ಹೋಲಿಸಿ ನೋಡುವುದು ಲೇಸು.

ಅಜಂತೆ ಕೇಳುವುದೇ ಬೇರೆ. ಛತ್ರಪತಿ ಸಂಭಾಜಿನಗರದಿಂದ ಸುಮಾರು 100 ಕಿ.ಮೀ. ದೂರದಲ್ಲಿ, ವಾಘೋರಾ ನದಿಯ ಲಾಳಾಕಾರದ ಕಣಿವೆಯಲ್ಲಿರುವ ಈ ಬೌದ್ಧ ಗುಹೆಗಳ ಚಿತ್ರಗಳು ಒಣಗಿದ ಗಾರೆಯ ಮೇಲೆ ಬರೆದವು; ಅವುಗಳ ಬಣ್ಣ ಉಳಿಯಲೆಂದು ಒಳಗಿನ ದೀಪಗಳನ್ನು ಮಂದವಾಗಿ ಇರಿಸಿದ್ದಾರೆ, ಫ್ಲಾಶ್ ನಿಷಿದ್ಧ, ಟ್ರೈಪಾಡ್ ಎಂಬ ಮುಕ್ಕಾಲಿಗೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಇಲ್ಲಿ ಲೆನ್ಸಿನ ದ್ಯುತಿರಂಧ್ರ, ಅಂದರೆ ಬೆಳಕನ್ನು ಒಳಬಿಡುವ ಕಿಂಡಿಯ ಅಗಲ, ಉಳಿದೆಲ್ಲ ಗುಣಗಳಿಗಿಂತ ಮೇಲಾಗುತ್ತದೆ. ಎಫ್ 1.8ರ ಲೆನ್ಸ್ ಎಫ್ 4ರ ಜೂಮ್‌ಗಿಂತ ಸುಮಾರು ಐದು ಪಟ್ಟು ಬೆಳಕನ್ನು ಬಿಡುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಒಂದನೇ ಗುಹೆಯ ಪದ್ಮಪಾಣಿಯ ಕಣ್ಣಿನ ರೇಖೆ ಉಳಿಯುವುದೂ ಅಲುಗಿ ಹೋಗುವುದೂ ಈ ಐದು ಪಟ್ಟಿನ ಮೇಲೆ ನಿಂತಿರುತ್ತದೆ. ಮೂಲೆಗಳ ಕಪ್ಪನ್ನು ತಂತ್ರಾಂಶದಿಂದ ಬೆಳಗಿಸುವ ಅಗ್ಗದ ವಿಶಾಲಕೋನ ಲೆನ್ಸ್ ಎರಡನೇ ಗುಹೆಯ ಛಾವಣಿಯ ಅಲಂಕಾರ ಚಿತ್ರಗಳನ್ನು ನಡುವೆ ಚೆನ್ನಾಗಿ ಹಿಡಿದು ಅಂಚಿನಲ್ಲಿ ಕಣಕಣವಾಗಿಸುವುದೂ ಇಲ್ಲೇ. ಅದರ ಬದಲು 35 ಅಥವಾ 50 ಮಿ.ಮೀ.ಯ ಒಂದು ಸ್ಥಿರನಾಭಿ ಲೆನ್ಸ್, ಅಂದರೆ ಜೂಮ್ ಇಲ್ಲದ ಲೆನ್ಸ್, ಭಿತ್ತಿಯನ್ನು ಭಾಗಭಾಗವಾಗಿ ಹಿಡಿಯುವುದಕ್ಕೆ ಒದಗುತ್ತದೆ.

ಈ ಕತ್ತಲೆಯೊಡನೆ ಕ್ಯಾಮೆರಾ ನಡೆಸಿದ ಸೆಣಸಾಟಕ್ಕೆ ಉದ್ದನೆಯ ಇತಿಹಾಸವಿದೆ. 1840ರ ದಶಕದಲ್ಲಿ ಅಜಂತೆಯ ಚಿತ್ರಗಳನ್ನು ಕುಂಚದಿಂದ ನಕಲು ಮಾಡಲು ನೇಮಕಗೊಂಡ ಸೈನ್ಯಾಧಿಕಾರಿ ರಾಬರ್ಟ್ ಗಿಲ್‌ನ ಕೃತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನ ಬೆಂಕಿಗೆ ಆಹುತಿಯಾದವು. ಆದರೆ ಅಷ್ಟರೊಳಗೆ ಆತ ಛಾಯಾಗ್ರಹಣಕ್ಕೂ ಕೈಹಾಕಿದ್ದ, ಅವನ ಚಿತ್ರಗಳು ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್‌ನ ಬರಹದೊಡನೆ 1864ರಲ್ಲಿ ಗ್ರಂಥರೂಪದಲ್ಲಿ ಬಂದಿದ್ದವು. 1990ರ ದಶಕದ ಆರಂಭದಲ್ಲಿ ಛಾಯಾಗ್ರಾಹಕ ಬಿನಯ್ ಬೆಹಲ್ ಹೆಚ್ಚುವರಿ ದೀಪ ಹಾಯಿಸದೆ, ಇದ್ದ ಮಂದ ಬೆಳಕಿನಲ್ಲೇ ದೀರ್ಘಕಾಲ ಕಿಂಡಿ ತೆರೆದಿಟ್ಟು ತೆಗೆದ ಚಿತ್ರಗಳು ಆ ಬಣ್ಣಗಳ ಸೂಕ್ಷ್ಮವನ್ನು ಜಗತ್ತಿಗೆ ಕಾಣಿಸಿದವು. ತಾಳ್ಮೆಯಿಂದ ಪಡೆದ ಆ ಬೆಳಕನ್ನು ಇಂದಿನ ಸಾಮಾನ್ಯ ಪ್ರವಾಸಿ ದ್ಯುತಿರಂಧ್ರದಿಂದ ಕೊಂಡುಕೊಳ್ಳಬೇಕಾಗಿದೆ.

ಹೊಸ ಲೆನ್ಸ್‌ಗಳ ಇನ್ನೆರಡು ವಿಚಿತ್ರಗಳು ಮೊದಲ ಸಲ ಕೊಂಡವರನ್ನು ಕಂಗೆಡಿಸುತ್ತವೆ. ಹಲವು ಲೆನ್ಸ್‌ಗಳಲ್ಲಿ ಫೋಕಸ್ ಉಂಗುರ ಗಾಜನ್ನು ನೇರವಾಗಿ ತಿರುಗಿಸದೆ ಒಳಗಿನ ಮೋಟಾರಿಗೆ ಆಜ್ಞೆ ಮಾತ್ರ ಕಳಿಸುತ್ತದೆ. ಆದ್ದರಿಂದ ಅದಕ್ಕೆ ಕೊನೆಯೆಂಬ ತಡೆ ಇರುವುದಿಲ್ಲ, ಕೆಲವು ಮಾದರಿಗಳಲ್ಲಿ ಬೇಗ ತಿರುಗಿಸಿದರೆ ಒಂದು ಫಲ, ನಿಧಾನ ತಿರುಗಿಸಿದರೆ ಇನ್ನೊಂದು ಫಲ. ಕತ್ತಲಲ್ಲಿ ಕೈಯಂದಾಜಿನಿಂದ ಫೋಕಸ್ ಹಿಡಿಯುವ ಹಳೆಯ ಅಭ್ಯಾಸ ಇಲ್ಲಿ ನಡೆಯದು. ಪರದೆಯಲ್ಲಿ ಹಿಗ್ಗಿಸಿ ನೋಡಿಯೇ ಹಿಡಿಯಬೇಕು. ಎರಡನೆಯದು, ಲೆನ್ಸನ್ನು ಅಲ್ಲಾಡಿಸಿದಾಗ ಒಳಗೆ ಏನೋ ಕಳಚಿಕೊಂಡಂತೆ ಕೇಳುವ ಲೊಟಲೊಟ ಸದ್ದು. ಕೆಲವು ಲೀನಿಯರ್ ಮೋಟಾರುಗಳಲ್ಲಿ ಫೋಕಸ್ ಗಾಜಿನ ಗುಂಪನ್ನು ವಿದ್ಯುತ್ತಿನ ಕಾಂತಶಕ್ತಿಯೇ ಹಿಡಿದಿಟ್ಟಿರುವುದರಿಂದ ಕ್ಯಾಮೆರಾ ಆರಿಸಿದೊಡನೆ ಅದು ಸಡಿಲವಾಗುತ್ತದೆ. ಇದು ಕೆಟ್ಟುಹೋದುದರ ಸೂಚನೆಯಲ್ಲವಾದರೂ, ಇಂಥ ಲೆನ್ಸ್ ಚೀಲದಲ್ಲಿ ಕುಲುಕಾಡದಂತೆ ಮೆತ್ತೆಯ ನಡುವೆ ಬಿಗಿಯಾಗಿ ಕೂರಬೇಕು ಎಂಬುದರ ಸೂಚನೆಯಂತೂ ಹೌದು.

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನಲ್ಲಿ, ಗೋದಾವರಿ ಮತ್ತು ಕಾದವಾ ನದಿಗಳ ಸಂಗಮದ ಬಳಿಯ ನಾಂದೂರ್ ಮಧಮೇಶ್ವರ 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎನಿಸಿತು. ಚಳಿಗಾಲದ ವಲಸೆ ಬಾತುಗಳನ್ನು ಹಿಡಿಯಲು 400ರಿಂದ 600 ಮಿ.ಮೀ.ವರೆಗಿನ ಲೆನ್ಸ್ ಬೇಕಾದರೂ, ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗುವುದರಿಂದ ದುಬಾರಿ ಲೆನ್ಸೂ ಮಸುಕು ಚಿತ್ರವನ್ನೇ ಕೊಡುತ್ತದೆ. ಈ ಮಸುಕನ್ನು ಲೆನ್ಸಿನ ತಲೆಗೆ ಕಟ್ಟುವ ಮೊದಲು ಅದೇ ಹಕ್ಕಿಯನ್ನು ಬೆಳಗಿನ ತಂಪಿನಲ್ಲಿ ತೆಗೆದು ನೋಡುವುದು ನ್ಯಾಯ.

ಇನ್ನು ಚೀಲದ ವಿಚಾರ. ಸ್ಕೀಯಿಂಗ್, ಅಂದರೆ ಹಿಮದ ಇಳಿಜಾರಿನಲ್ಲಿ ಹಲಗೆ ಕಟ್ಟಿ ಜಾರುವ ಆಟ, ಭಾರತದಲ್ಲಿ ಗುಲ್ಮಾರ್ಗ್, ಔಲಿಯಂಥ ಕೆಲವೇ ಕಡೆ ಉಂಟು. ಆದರೆ ಆ ಆಟಕ್ಕೆಂದು ಬೆಳೆದ ಕ್ಯಾಮೆರಾ ಬೆನ್ನುಚೀಲದ ಲಕ್ಷಣಗಳು ಸಹ್ಯಾದ್ರಿಯ ಕೋಟೆಗಳಿಗೆ ಅಚ್ಚರಿಯಾಗುವಷ್ಟು ಒಗ್ಗುತ್ತವೆ. ಮೊದಲನೆಯದಾಗಿ, ಅದರ ಬಾಯಿ ಬೆನ್ನಿಗೆ ತಾಗುವ ಬದಿಯಲ್ಲಿರುತ್ತದೆ. ಚೀಲವನ್ನು ಮುಂಭಾಗ ಕೆಳಗಾಗಿ ಹಿಮದಲ್ಲಿ ಮಲಗಿಸಿ ತೆರೆದರೂ ಬೆನ್ನಿಗೊರಗುವ ಬದಿ ಒದ್ದೆಯಾಗದಿರಲೆಂಬ ಉದ್ದೇಶ ಇಲ್ಲಿ ಹಿಮದ ಬದಲು ಕೆಸರಿಗೆ ಅನ್ವಯಿಸುತ್ತದೆ. ಎರಡನೆಯದಾಗಿ, ಅದು ಅಗಲದಲ್ಲಿ ಮೈಯನ್ನು ಮೀರುವುದಿಲ್ಲ, ಭಾರವಾದ ಲೆನ್ಸ್ ಬೆನ್ನುಮೂಳೆಯ ಹತ್ತಿರ ಕೂರುತ್ತದೆ, ಎದೆಪಟ್ಟಿಯೂ ಸೊಂಟಪಟ್ಟಿಯೂ ಸೇರಿ ಚೀಲ ಓಲಾಡದಂತೆ ಹಿಡಿಯುತ್ತವೆ. ನಾಸಿಕ್ ಜಿಲ್ಲೆಯ ಹರಿಹರ ಕೋಟೆಯಲ್ಲಿ ಕೈಬೆರಳು ಊರಲು ಗುಳಿ ಕೊರೆದ ಕಡಿದಾದ ಕಲ್ಲುಮೆಟ್ಟಿಲುಗಳನ್ನು ಹತ್ತುವಾಗ ಈ ಗುಣದ ಬೆಲೆ ತಿಳಿಯುತ್ತದೆ. ಹೊರಬದಿಯಲ್ಲಿ ನೇತುಹಾಕಿದ ಟ್ರೈಪಾಡ್ ಅಂಥಲ್ಲಿ ಹತ್ತುವವನನ್ನು ಬಂಡೆಯಿಂದ ಹಿಂದಕ್ಕೆಳೆಯುತ್ತದೆ, ಇಕ್ಕಟ್ಟಿನ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. 1567 ಮೀಟರ್ ಎತ್ತರದ ಸಾಲ್ಹೇರ್, 1646 ಮೀಟರಿನ ಕಳಸೂಬಾಯಿ ಮುಂತಾದ ದೀರ್ಘ ಏರುಗಳಿಗೂ ಇದೇ ನಿಯಮ.

ಚೀಲದ ಅಳತೆಯನ್ನು ಲೀಟರಿನಲ್ಲಿ ಕೇಳುವ ಮೊದಲು ಬೆನ್ನಿನ ಉದ್ದವನ್ನು ಕೇಳಬೇಕು. ಕತ್ತಿನ ಬುಡದಲ್ಲಿ ಉಬ್ಬಿರುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗಿನ ಅಂತರಕ್ಕೆ ಚೀಲ ಹೊಂದಿದರೆ ಮಾತ್ರ ಸೊಂಟಪಟ್ಟಿ ಭಾರವನ್ನು ಭುಜದಿಂದ ಕಳಚಿ ತಾನು ಹೊರುತ್ತದೆ. ಹೊಂದದಿದ್ದರೆ ಅದು ಹೊಟ್ಟೆ ಬಿಗಿಯುವ ಪಟ್ಟಿಯಾಗುತ್ತದೆ. ಕ್ಯಾಮೆರಾ, ಎರಡು ಜೂಮ್‌ಗಳು, ಎರಡು ಲೀಟರ್ ನೀರು, ಚೀಲದ ಸ್ವಂತ ತೂಕ ಸೇರಿ ಆರೇಳು ಕಿಲೋ ಸುಲಭವಾಗಿ ಆಗುತ್ತದಾದ್ದರಿಂದ ಒಂದು ದಿನದ ಕೋಟೆಗೆ 20ರಿಂದ 30 ಲೀಟರ್ ಸಾಕು. ಕ್ಯಾಮೆರಾದ ಮೆತ್ತೆಪೆಟ್ಟಿಗೆ ಪ್ರತ್ಯೇಕವಾಗಿ ಹೊರತೆಗೆಯಲು ಬರುವಂತಿದ್ದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಚೀಲದೊಡನೆ ಬರುವ ಮಳೆಗವುಸು ಅರ್ಧ ರಕ್ಷಣೆ ಮಾತ್ರ. ಅದು ಬೆನ್ನಿನ ಬದಿಯನ್ನು ಮುಚ್ಚದಿರುವುದರಿಂದ ಕತ್ತಿನಿಂದ ಇಳಿದ ನೀರು ಭುಜಪಟ್ಟಿಗಳ ಗುಂಟ ಮೆತ್ತೆಗೆ ಇಂಗುತ್ತದೆ. ಬೆನ್ನಿನ ಕಡೆ ಬಾಯಿಯುಳ್ಳ ಚೀಲದಲ್ಲಂತೂ ಜಿಪ್ಪೇ ಆ ದಾರಿಯಲ್ಲಿರುತ್ತದೆ. ಸಹ್ಯಾದ್ರಿಯ ಅಂಚಿನಲ್ಲಿ ಗಾಳಿ ಮಳೆಯನ್ನು ಕೆಳಗಿನಿಂದಲೂ ಎರಚುವುದರಿಂದ, ಬಾಯಿ ಸುರುಳಿ ಸುತ್ತಿ ಮುಚ್ಚುವ ಜಲನಿರೋಧಕ ಒಳಚೀಲವೊಂದು ಕ್ಯಾಮೆರಾಕ್ಕೆ ನಿಜವಾದ ಕಾವಲು. ಹಿಮದ ನಾಡಿನವರು ಹೊರಗಿನ ಚಳಿಯಿಂದ ಬೆಚ್ಚನೆಯ ಕೋಣೆಗೆ ಬಂದಾಗ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆಂದು ಎಚ್ಚರವಹಿಸುತ್ತಾರೆ. ಇಲ್ಲಿ ಎಸಿ ಕಾರಿನಿಂದ ಆಷಾಢದ ತೇವದ ಗಾಳಿಗೆ ಇಳಿದಾಗ ಅದೇ ಆಗುತ್ತದೆ. ಎರಡಕ್ಕೂ ಮದ್ದು ಒಂದೇ: ಚೀಲವನ್ನು ಅರ್ಧ ಗಂಟೆ ಮುಚ್ಚಿಯೇ ಇಟ್ಟು ಒಳಗಿನ ಗಾಜು ಹೊರಗಿನ ಶಾಖಕ್ಕೆ ಬರಲು ಬಿಡುವುದು. ಮರಳಿದ ಮೇಲೆ ಉಪಕರಣಗಳನ್ನು ಒದ್ದೆ ಚೀಲದಲ್ಲೇ ಉಳಿಸಿದರೆ ಗಾಜಿನ ಮೇಲೆ ಬೂಷ್ಟು ಹಬ್ಬುತ್ತದೆ, ಅವನ್ನು ಶೇ. 40ರಿಂದ 50ರ ಆರ್ದ್ರತೆಯ ಒಣಪೆಟ್ಟಿಗೆಯಲ್ಲೋ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲೋ ಇಡಬೇಕು.

ಹೀಗೆ ನೋಡಿದಾಗ ಖರೀದಿಯ ಕ್ರಮ ಸ್ಥಳದಿಂದ ಲೆನ್ಸಿಗೆ, ಲೆನ್ಸಿನಿಂದ ಚೀಲಕ್ಕೆ ಸಾಗಬೇಕಾಗುತ್ತದೆ. ಅಜಂತೆಗೆ ಹೋಗುವವರು ಸ್ವಂತ ವಾಹನವನ್ನು ಸುಮಾರು ನಾಲ್ಕು ಕಿ.ಮೀ. ಹಿಂದೆಯೇ ಬಿಟ್ಟು ಬಸ್ಸಿನಲ್ಲಿ ಸಾಗಬೇಕಾದ್ದರಿಂದ ಮರೆತ ಲೆನ್ಸಿಗಾಗಿ ಕಾರಿಗೆ ಓಡುವಂತಿಲ್ಲ. ಆದರೂ ಅಲ್ಲಿಗೆ ಒಂದು ಎಫ್ 1.8 ಲೆನ್ಸ್ ಮತ್ತು ಚಿಕ್ಕ ಹೆಗಲುಚೀಲ ಧಾರಾಳ ಸಾಕು, ಕಿಕ್ಕಿರಿದ ಗುಹೆಯಲ್ಲಿ ದೊಡ್ಡ ಬೆನ್ನುಚೀಲ ಭಿತ್ತಿಗೂ ಜನರಿಗೂ ತೊಡಕು. ಎಲ್ಲೋರಕ್ಕೆ ವಿಶಾಲಕೋನದ ಲೆನ್ಸಿನ ಮೇಲೆ ಹಣ ಹಾಕಿದರೆ ಅದು ವ್ಯರ್ಥವಲ್ಲ. ಮಳೆಗಾಲದ ಹರಿಹರಕ್ಕೆ ಹೊರಟವರು ಮಾತ್ರ ಎರಡನೆಯ ಲೆನ್ಸಿನ ಹಣವನ್ನು ಚೀಲಕ್ಕೆ ತಿರುಗಿಸಬೇಕು, ಮತ್ತು ಅದನ್ನು ಕೊಳ್ಳುವ ದಿನ ತಮ್ಮ ಉಪಕರಣಗಳನ್ನೆಲ್ಲ ಅಂಗಡಿಗೆ ಒಯ್ದು, ತುಂಬಿ, ಸೊಂಟಪಟ್ಟಿ ಬಿಗಿದು, ನಾಲ್ಕು ಮಹಡಿ ಹತ್ತಿಳಿದು ನೋಡಿದ ಮೇಲೆಯೇ ಬೆಲೆಯ ಮಾತಾಡಬೇಕು.