ಸಂಚುಗಾರರಿಲ್ಲದ ಸಂಚು

ಒಬ್ಬ ಗಂಡ, ಅವನ ಹೆಂಡತಿ, ಅವನ ಗೆಳತಿ. ಕೊನೆಗೆ ನಾಶವಾಗುವವಳು ಹೆಂಡತಿ. ಕ್ಲೂಜೊ 1955ರಲ್ಲಿ ತೆಗೆದ ಫ್ರೆಂಚ್ ಚಿತ್ರ ‘ಲೆ ದಿಯಾಬೊಲಿಕ್’ನ ತಿರುಳು ಇದು. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ‘ಶರಪಂಜರ’ದ್ದೂ ಹೆಚ್ಚುಕಡಿಮೆ ಇದೇ. ಎರಡರಲ್ಲಿ ಹೆಚ್ಚು ಭಯ ಹುಟ್ಟಿಸುವುದು ನಮ್ಮ ಚಿತ್ರವೇ ಎಂಬುದು ನನ್ನ ಅಭಿಪ್ರಾಯ.

ಕ್ಲೂಜೊ ಚಿತ್ರದಲ್ಲಿ ಹೃದ್ರೋಗಿ ಕ್ರಿಸ್ಟಿನಾ ಗಂಡನ ಗೆಳತಿ ನಿಕೋಲ್ ಹೇಳಿದಂತೆ ಕೇಳುತ್ತಾ ಹೋಗುತ್ತಾಳೆ. ನಿಕೋಲ್ ಆಗಿ ಸಿಮೋನ್ ಸಿನ್ಯೋರೆ ನಿಲ್ಲುವ ಠೀವಿಯಲ್ಲೇ, ಒಬ್ಬ ಹೆಣ್ಣು ಇನ್ನೊಬ್ಬಳನ್ನು ಅಂಕೆಯಲ್ಲಿಟ್ಟುಕೊಳ್ಳುವ ಬಗೆ ಕಾಣುತ್ತದೆ. ಆದರೆ ಕೊನೆಗೆ ಗಂಡ ಮತ್ತು ನಿಕೋಲ್ ಸೇರಿ ಹೂಡಿದ ಸಂಚಿನ ಗುಟ್ಟು ರಟ್ಟಾಗುತ್ತದೆ, ನಿವೃತ್ತ ಪೊಲೀಸ್ ಅಧಿಕಾರಿ ಬಂದು ಅಪರಾಧಿಗಳನ್ನು ಹಿಡಿಯುತ್ತಾನೆ.

‘ಶರಪಂಜರ’ದಲ್ಲಿ ಹಿಡಿಯುವುದಾದರೂ ಯಾರನ್ನು? ಬಾಣಂತನದಲ್ಲಿ ಬುದ್ಧಿಭ್ರಮಣೆಗೊಳಗಾದ ಕಾವೇರಿ ಗುಣವಾಗಿ ಮನೆಗೆ ಮರಳುತ್ತಾಳೆ. ವೈದ್ಯರು ವಾಸಿಯಾಗಿದೆ ಎಂದರೂ ನೆರೆಹೊರೆಯ ಹೆಂಗಸರ ಪಾಲಿಗೆ ಅವಳು ಹುಚ್ಚಿಯೇ. ನಕ್ಕರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಸಿಟ್ಟಾದರಂತೂ ಅವರಿಗೆ ಪುರಾವೆಯೇ ಸಿಕ್ಕಿತು. ಯಾರೂ ಸಂಚು ಹೂಡುವುದಿಲ್ಲ, ಆದರೂ ಸಂಚು ನಡೆದೇಹೋಗುತ್ತದೆ. ಗಂಡ ಸತೀಶನ ಸಾಮೀಪ್ಯ ಬಯಸುವ ಅವಳ ಸಹಜ ಆಸೆಯೂ ಅವನ ಹಿಂಜರಿಕೆಯ ಮುಂದೆ ತಪ್ಪಿನಂತೆ ಕಾಣತೊಡಗುತ್ತದೆ. ಈ ಅವಮಾನವನ್ನು ಕಾವೇರಿಯ ಪಾತ್ರದ ಕಲ್ಪನಾ ಕಣ್ಣಿನಲ್ಲೇ ಅಭಿನಯಿಸಿದ್ದಾರೆ. ತಾನು ಸರಿಯಾಗಿದ್ದೇನೆಂದು ಪ್ರತಿ ಕ್ಷಣವೂ ತೋರಿಸಿಕೊಳ್ಳಬೇಕಾದವಳ ಸುಸ್ತು ಅಲ್ಲಿದೆ. ಕನ್ನಡದಲ್ಲಿ ಇದಕ್ಕೆ ಸಮನಾದ ಅಭಿನಯ ನಾನು ಹೆಚ್ಚು ಕಂಡಿಲ್ಲ.

ಈ ಒಳನೋಟದ ಬೇರು ಮೈಸೂರಿನಲ್ಲಿದೆ. ಎಂ.ವಿ. ಗೋಪಾಲಸ್ವಾಮಿಯವರು ಮುನ್ನಡೆಸಿದ ಇಲ್ಲಿನ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ದೇಶದ ಮೊದಲ ಕೆಲವುಗಳಲ್ಲೊಂದು. ಈ ಚಿತ್ರಕ್ಕೆ ಆಧಾರವಾದ ಕಾದಂಬರಿ ಬರೆದ ತ್ರಿವೇಣಿ, ಅಂದರೆ ಅನಸೂಯಾ ಶಂಕರ್, ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಓದಿದವರು. ಬಾಣಂತಿಯ ಮನಸ್ಸು ಕದಡುವುದನ್ನು ದೆವ್ವ, ಗಾಳಿ ಎನ್ನುತ್ತಿದ್ದ ದಿನಗಳಲ್ಲಿ ಅವರು ಅದನ್ನು ಕಾಯಿಲೆಯೆಂದೇ ಬರೆದರು. 1963ರಲ್ಲಿ, ಹೆರಿಗೆಯ ಬೆನ್ನಲ್ಲೇ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡರು. ಚಿತ್ರವನ್ನು ಅವರು ನೋಡಲೇ ಇಲ್ಲ.

ಪುಟ್ಟಣ್ಣನವರ ಬಗ್ಗೆ ನನಗೆ ತಕರಾರುಗಳಿವೆ. ಕಲ್ಪನಾ ಮುಖವೇ ಎಲ್ಲವನ್ನೂ ಹೇಳುತ್ತಿರುವಾಗ ಹಿನ್ನೆಲೆ ಸಂಗೀತ ಅಬ್ಬರಿಸುತ್ತದೆ. ಕೊನೆಯ ದೃಶ್ಯ ತ್ರಿವೇಣಿಯವರ ಸಂಯಮವನ್ನು ಬಿಟ್ಟುಕೊಡುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಸತೀಶನ ಗೆಳತಿ ವಿಮಲಾಳದು. ಕ್ಲೂಜೊ ನಿಕೋಲ್‌ಗೆ ಬುದ್ಧಿ, ಆಸೆ, ಲೆಕ್ಕಾಚಾರ ಎಲ್ಲವನ್ನೂ ಕೊಟ್ಟ. ವಿಮಲಾ ಮಾತ್ರ ಕಾವೇರಿಯನ್ನು ಮುರಿಯುವುದಕ್ಕಷ್ಟೇ ಕಥೆಯೊಳಗೆ ಬಂದಂತಿದೆ. ಅವಳ ಮನಸ್ಸೂ ತೆರೆದುಕೊಂಡಿದ್ದರೆ ಚಿತ್ರ ಇನ್ನಷ್ಟು ಕಠೋರವಾಗುತ್ತಿತ್ತು.

ಮಾನಸಗಂಗೋತ್ರಿಯ ಮನೋವಿಜ್ಞಾನ ವಿದ್ಯಾರ್ಥಿಗಳು, ಊರಿನ ಸಿನಿಮಾಸಕ್ತರು ಸೇರಿ ಈ ಎರಡು ಚಿತ್ರಗಳನ್ನೂ ಒಂದೇ ದಿನ ತೋರಿಸಿ ಚರ್ಚಿಸಲಿ. ಬರುವವರು ತ್ರಿವೇಣಿಯವರ ಕಾದಂಬರಿಯನ್ನು ಮೊದಲೇ ಓದಿಕೊಂಡು ಬರಲಿ.