ಹೊಗೆ ಬಂದರೆ ಎಂಜಿನ್ ಬದುಕಿತೇ?

ಗೌರಿಬಿದನೂರಿನ ಉತ್ತರ ಪಿನಾಕಿನಿ ಬಯಲಿರಲಿ, ಶಿಡ್ಲಘಟ್ಟ, ಚಿಂತಾಮಣಿಯ ಕೆರೆ ಅಚ್ಚುಕಟ್ಟಿರಲಿ, ಹಳೆಯ ತೆರೆದ ಬಾವಿ ಇದ್ದಲ್ಲಿ ಒಂದು ಆಯಿಲ್ ಎಂಜಿನ್ನೂ ಇರುತ್ತಿತ್ತು. ಬಾವಿ ಬತ್ತಿತು, ಬೋರ್‌ವೆಲ್ ಬಂತು, ಎಂಜಿನ್ನು ಗೋಣಿಚೀಲ ಹೊದ್ದು ಮೂಲೆ ಸೇರಿತು. 2021ರ ನವೆಂಬರ್ ಮಳೆಗೆ ಈ ಸೀಮೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಅಂತರ್ಜಲ ಹೆಚ್ಚಿಸಲೆಂದೇ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹರಿಸಿದ್ದಾರೆ. ಬಾವಿಯಲ್ಲಿ ನೀರು ಕಂಡರೆ ಮೂಲೆಯ ಎಂಜಿನ್ ನೆನಪಾಗುವುದು ಸಹಜ. ಅದನ್ನು ಎಬ್ಬಿಸುವ ನಮ್ಮ ರೂಢಿಯ ಬಗ್ಗೆ ಮಾತ್ರ ನನಗೆ ಗಟ್ಟಿಯಾದ ತಕರಾರಿದೆ.

ರೂಢಿ ಹೀಗಿದೆ: ಟ್ಯಾಂಕಿಗೆ ಡೀಸೆಲ್ ಸುರಿ, ಗಾಳಿ ಹೋಗುವ ಬಾಯಿಗೆ ಉರಿಯುವ ಬಟ್ಟೆ ಹಿಡಿ, ನಾಲ್ಕು ಜನ ಸೇರಿ ಹ್ಯಾಂಡ್ಲು ತಿರುಗಿಸು. ಹೊಗೆ ಬಂದೊಡನೆ ಮೆಕ್ಯಾನಿಕ್‌ಗೆ ಶಹಬ್ಬಾಸ್. ಆದರೆ ಶುರುವಾದ ಎಂಜಿನ್ನೆಲ್ಲ ರಿಪೇರಿಯಾದ ಎಂಜಿನ್ನಲ್ಲ. ಹಿಡಿದುಕೊಂಡ ಪಿಸ್ಟನ್ ರಿಂಗನ್ನು ಬಲವಂತವಾಗಿ ಎಳೆದರೆ ಅದು ಮುರಿದು ಸಿಲಿಂಡರನ್ನು ಕೆರೆಯುತ್ತದೆ. ಎಣ್ಣೆಯ ಬದಲು ಕೆಸರಿನಂಥ ಜಿಡ್ಡು ಕೂತ ಬೇರಿಂಗು ಮೊದಲ ಕೆಲವು ನಿಮಿಷಗಳಲ್ಲೇ ಸವೆಯುತ್ತದೆ.

ನಮ್ಮ ಕಡೆ ಹೆಚ್ಚು ಪರಿಚಿತವಾದ ಕಿರ್ಲೋಸ್ಕರ್ ಎವಿ-1 ಅನ್ನೇ ನೋಡಿ. ಒಂದೇ ಸಿಲಿಂಡರು, 5 ಎಚ್‌ಪಿ, ನಿಮಿಷಕ್ಕೆ 1500 ಸುತ್ತು. ಇಷ್ಟು ಸರಳವಾದ ಯಂತ್ರಕ್ಕೆ ಬೇಕಾದ್ದು ತಾಳ್ಮೆ. ಹಳೆಯ ಡೀಸೆಲ್, ತಳದಲ್ಲಿ ನಿಂತ ನೀರು, ಕಪ್ಪು ಆಯಿಲ್ ಎಲ್ಲ ಹೊರಗೆ ಹೋಗಬೇಕು. ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಡಿಕಂಪ್ರೆಷನ್ ಲಿವರ್ ಎತ್ತಿ, ಫ್ಲೈವೀಲನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಬೇಕು. ಪೂರ್ತಿ ಸುತ್ತು ಬಂದ ಮೇಲೂ ಆತುರ ಬೇಡ. ಮೇಲೆ ಉಳಿದ ಎಣ್ಣೆ ಹೊರಬೀಳುವವರೆಗೆ ಲಿವರ್ ಎತ್ತಿಯೇ ಇರಲಿ. ದ್ರವ ಕುಗ್ಗುವುದಿಲ್ಲ, ಅದು ಒಳಗಿರುವಾಗ ಲಿವರ್ ಬಿಟ್ಟರೆ ಕನೆಕ್ಟಿಂಗ್ ರಾಡ್ ಬಾಗೀತು. ನಾಝಲ್ ಸ್ಪ್ರೇ ಸರಿಯಿದೆಯೇ ಎಂದು ಅಂಗೈ ಒಡ್ಡಿ ನೋಡುವವರಿದ್ದಾರೆ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ. ಎಷ್ಟೇ ಪಳಗಿದ ಕೈಯಾದರೂ ಇದನ್ನು ನಾನು ಒಪ್ಪಲಾರೆ.

ತಂಪು ಮಾಡುವ ನೀರಿನ ವಿಷಯವನ್ನು ಅತಿ ಹೆಚ್ಚು ಅಲಕ್ಷಿಸುತ್ತಾರೆ. ಪಂಪು ಎತ್ತಿದ ನೀರಿನಲ್ಲೇ ಒಂದು ಪಾಲು ಸಣ್ಣ ಪೈಪಿನಲ್ಲಿ ಸಿಲಿಂಡರಿನ ಸುತ್ತ ಹರಿದು ಹೋಗುವ ಏರ್ಪಾಡು ಬಾವಿಕಟ್ಟೆಯ ಎಂಜಿನ್‌ಗಳಲ್ಲಿ ಸಾಮಾನ್ಯ. ಫುಟ್ ವಾಲ್ವ್ ಸೋರಿ ಪಂಪು ನೀರು ಹಿಡಿಯದಿದ್ದರೆ ಎಂಜಿನ್ನಿಗೂ ನೀರಿಲ್ಲ. ಮಲ್ಪೆ, ಗಂಗೊಳ್ಳಿಯ ನಾಡದೋಣಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನದೂ ಇದೇ ಪಾಡು. ಅದರ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಕೂತಲ್ಲೇ ಗಡುಸಾಗುವುದರಿಂದ, ಕಡಲಿಗಿಳಿಸುವ ಮೊದಲು ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ ನೋಡಬೇಕಾಗುತ್ತದೆ. ನಮ್ಮಲ್ಲಿ ಮಾತ್ರ ನೀರಿನ ಪೈಪು ಜೋಡಿಸದೆ ಬರಿದೇ ಓಡಿಸಿ ಶಬ್ದ ಕೇಳಿಸಿ ಸೆಕೆಂಡ್ ಹ್ಯಾಂಡ್ ಎಂಜಿನ್ ಮಾರುತ್ತಾರೆ. ಕೊಳ್ಳುವವರು ಅದನ್ನು ಒಪ್ಪಬಾರದು. ನೀರು ಹರಿಯಲಿ, ಲೋಡ್ ಬೀಳಲಿ, ಅರ್ಧ ಗಂಟೆಯಾದರೂ ಓಡಲಿ. ಹೊಗೆ ತಿಳಿಯಾಯಿತೇ, ಜಾಕೆಟ್ಟಿನಿಂದ ಬರುವ ನೀರು ಎಷ್ಟು ಬಿಸಿ, ಆಯಿಲ್‌ನಲ್ಲಿ ಹಾಲಿನ ಬಣ್ಣ ಕಂಡಿತೇ ಎಂದು ನೋಡಿಯೇ ಬೆಲೆ ಮಾತಾಡಬೇಕು.

ಇನ್ನೊಂದು ಹಳೆಯ ರೂಢಿಯಂತೂ ಜೀವಕ್ಕೇ ಅಪಾಯ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಪಂಪು ಕೆಳಗಿನಿಂದ ಎಳೆಯಬಲ್ಲ ಆಳವೂ ಕಡಿಮೆ: ಲೆಕ್ಕದ ಪ್ರಕಾರ ಸುಮಾರು 9 ಮೀಟರ್, ರೂಢಿಯಲ್ಲಿ ಆರೇಳು. ಅದಕ್ಕೇ ಆಳದ ಬಾವಿಗಳಲ್ಲಿ ಪಂಪಿನ ಜೊತೆ ಎಂಜಿನ್ನನ್ನೂ ಒಳಗಿನ ಕಟ್ಟೆಗೆ ಇಳಿಸುತ್ತಿದ್ದರು. ಅಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮೊನಾಕ್ಸೈಡ್ ಬಾವಿಯೊಳಗೇ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಇಳಿದವನಿಗೆ ಸುಳಿವೂ ಸಿಗದು. ಹೊಗೆಕೊಳವೆಯನ್ನು ಬಾವಿಯ ಮೇಲಕ್ಕೆ ಒಯ್ದೆವೆಂಬ ಸಮಾಧಾನವೂ ಸಾಲದು, ತುಕ್ಕು ಹಿಡಿದ ಜಾಯಿಂಟು ಎಲ್ಲಿಯಾದರೂ ಸೋರುತ್ತದೆ. ನೀರು ಆರೇಳು ಮೀಟರಿಗಿಂತ ಕೆಳಗಿರುವ ಬಾವಿಗೆ ಸಬ್‌ಮರ್ಸಿಬಲ್ ಮೋಟಾರೇ ಸರಿ. ಎಂಜಿನ್ನಿಗೆ ಕೆಲಸ ಕೊಡಬೇಕೆಂದರೆ ನೀರು ಮೇಲಿರುವ ಬಾವಿಯ ದಡದಲ್ಲಿ, ಬಯಲಲ್ಲಿ ಕೂರಿಸಲಿ.